ಫ್ರೆಡರಿಕ್ ಏಬಲ್ ಬಗ್ಗೆ ಬರೆಯೋದಾದರೆ ಎಲ್ಲಿಂದ ಶುರು ಮಾಡಬೇಕು

ವಿಜ್ಞಾನಿಗಳ ಬದುಕಿನ ಬಗ್ಗೆ ಬಂದ ಬರಹಗಳನ್ನು ತಿದ್ದುವುದು ನನ್ನ ಕೆಲಸ. ಸ್ಫೋಟಕಗಳ ಮೇಲೆ ಕೆಲಸ ಮಾಡಿದ ಇಂಗ್ಲೆಂಡಿನ ಕೆಮಿಸ್ಟ್ ಏಬಲ್ ಬಗ್ಗೆ ಬರೆಯುವವರು ಹೆಚ್ಚಾಗಿ 1889ರ ಕಾರ್ಡೈಟ್ ಎಂಬ ಬಂದೂಕಿನ ಮದ್ದಿನಿಂದಲೇ ಶುರು ಮಾಡುತ್ತಾರೆ. ನಾನು ಮೊದಲು ಹೊಡೆದು ಹಾಕುವುದು ಅದನ್ನೇ. ಅಷ್ಟೊತ್ತಿಗೆ ಏಬಲ್‌ಗೆ ಅರವತ್ತು ದಾಟಿತ್ತು!

ಹುಟ್ಟು, ಓದು ಎಲ್ಲ ಬೇಗ ಮುಗಿಸಿ. 1827, ಲಂಡನ್ನಿನ ವುಲಿಚ್. ಅಪ್ಪ ಸಂಗೀತದ ಮೇಷ್ಟ್ರು. ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯಲ್ಲಿ ಹಾಫ್‌ಮನ್‌ನ ಶಿಷ್ಯ. 1852ರಲ್ಲಿ ವುಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಫ್ಯಾರಡೆ ಬಿಟ್ಟ ಜಾಗಕ್ಕೆ ಬಂದ. ಆಮೇಲೆ 1888ರವರೆಗೂ ಸೈನ್ಯದ ಕೆಮಿಸ್ಟ್. ಸಾಕು.

ಈಗ ನಿಧಾನ ಮಾಡಿ, ಹತ್ತಿಯ ಕಥೆ ಹೇಳಿ. 1846ರಲ್ಲಿ ಶೋನ್‌ಬೈನ್ ಎಂಬ ಕೆಮಿಸ್ಟ್ ಗನ್‌ಕಾಟನ್ ಸುದ್ದಿ ಹೊರಹಾಕಿದ. ಆಸಿಡ್‌ನಲ್ಲಿ ನೆನೆಸಿ ತೊಳೆದು ಮಾಡುವ, ಸಿಡಿಯುವ ಹತ್ತಿ ಅದು. ಮರುವರ್ಷವೇ ಫೇವರ್‌ಶಮ್‌ನ ಕಾರ್ಖಾನೆ ಸ್ಫೋಟಗೊಂಡು ಇಪ್ಪತ್ತರ ಹತ್ತಿರ ಜನ ಸತ್ತರು. ಇದರ ಸಹವಾಸವೇ ಬೇಡ ಅಂತ ಇಂಗ್ಲೆಂಡ್ ಕೈ ತೊಳೆದುಕೊಂಡಿತು. ಏಬಲ್ ಹಿಡಿದದ್ದು ಸಣ್ಣ ವಿಷಯ. ಹತ್ತಿಯ ಎಳೆ ಒಳಗೆ ಟೊಳ್ಳು. ಮೇಲೆ ಎಷ್ಟು ತೊಳೆದರೂ ಒಳಗೆ ಸಿಕ್ಕಿಕೊಂಡ ಆಸಿಡ್ ಹೋಗುವುದಿಲ್ಲ. ಅದು ಅಲ್ಲೇ ಕೂತು ಗನ್‌ಕಾಟನ್ನನ್ನು ಕೆಡಿಸುತ್ತದೆ. ಕಾಗದದ ಗಿರಣಿಯಲ್ಲಿ ಮಾಡುವ ಹಾಗೆ ಎಳೆಯನ್ನು ಕತ್ತರಿಸಿ ತಿರುಳು ಮಾಡಿ ತೊಳೆಯಬೇಕು ಅಂದ. 1865ರಲ್ಲಿ ಪೇಟೆಂಟ್ ತೆಗೆದುಕೊಂಡ. ನನ್ನ ಪ್ರಕಾರ ಅವನ ಬದುಕಿನ ಜೀವ ಇದೇ. ಹೊಸದಾಗಿ ಸಿಡಿಸುವುದಕ್ಕಿಂತ, ಬೇಡದ ಹೊತ್ತಲ್ಲಿ ಸಿಡಿಯದ ಹಾಗೆ ನೋಡಿಕೊಳ್ಳುವುದೇ ಅವನ ಕಸುಬು.

ಇಲ್ಲಿಗೇ ನಿಲ್ಲಿಸಿದರೆ ಅದು ಹೊಗಳಿಕೆ ಅಷ್ಟೇ. 1871ರ ಆಗಸ್ಟ್‌ನಲ್ಲಿ ಸ್ಟೋಮಾರ್ಕೆಟ್‌ನ ಗನ್‌ಕಾಟನ್ ಕಾರ್ಖಾನೆ ಹಾರಿಹೋಯಿತು, ಇಪ್ಪತ್ತಕ್ಕೂ ಹೆಚ್ಚು ಸಾವು. ಅಲ್ಲಿ ನಡೆಯುತ್ತಿದ್ದದ್ದು ಏಬಲ್‌ನ ವಿಧಾನವೇ. ಪರೀಕ್ಷೆ ಆದ ಮೇಲೆ ಯಾರೋ ಆಸಿಡ್ ಸೇರಿಸಿದ್ದಾರೆ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಇದನ್ನು ಬಿಡಬೇಡಿ.

ಮುಂದೆ ಸೀಮೆಎಣ್ಣೆ. ಇಲ್ಲಿ ಬಹಳ ಜನ ಎಡವುತ್ತಾರೆ. 1868ರ ಕಾನೂನಿನಲ್ಲಿ ಎಣ್ಣೆಯ ಆವಿ ಹೊತ್ತಿಕೊಳ್ಳುವ ಮಿತಿ 100 ಡಿಗ್ರಿ ಫ್ಯಾರನ್‌ಹೀಟ್, 1879ರಲ್ಲಿ 73. ಅದಕ್ಕಿಂತ ಕಡಿಮೆ ಶಾಖಕ್ಕೆ ಹೊತ್ತಿದರೆ ಅಪಾಯದ ಎಣ್ಣೆ ಅಂತ ಲೆಕ್ಕ. ಕಾನೂನು ಸಡಿಲವಾಯ್ತಲ್ಲ ಅಂತ ಬರೆದುಬಿಡುತ್ತಾರೆ. ಬದಲಾದದ್ದು ಪರೀಕ್ಷೆಯ ಬಟ್ಟಲು! ಮೊದಲು ಬಾಯಿ ತೆರೆದ ಬಟ್ಟಲು, ಆವಿ ಗಾಳಿಗೆ ಹೋಗುತ್ತಿತ್ತು. ಏಬಲ್‌ನದು ಮುಚ್ಚಿದ ಬಟ್ಟಲು. ಸುತ್ತ ನೀರು, ಎಣ್ಣೆ ಮೆಲ್ಲಗೆ ಬೆಚ್ಚಗಾಗುತ್ತದೆ. ಆಗಾಗ ಮುಚ್ಚಳದ ಕಿಂಡಿ ಸರಿಸಿ ಪುಟ್ಟ ಜ್ವಾಲೆ ತಾಗಿಸುತ್ತಾರೆ. ಭುಗ್ ಅಂತ ಮಿಂಚಿದ ಕ್ಷಣ ಥರ್ಮಾಮೀಟರ್ ನೋಡಬೇಕು. ಆವಿ ಒಳಗೇ ಇರುವುದರಿಂದ ಕಡಿಮೆ ಶಾಖಕ್ಕೇ ಹೊತ್ತುತ್ತದೆ. ಹಾಗಾಗಿ ಹಳೆಯ 100, ಹೊಸ 73 ಹೆಚ್ಚುಕಡಿಮೆ ಒಂದೇ. ಅಂಕಿಯ ಜೊತೆ ಯಾವ ಬಟ್ಟಲು ಅಂತಲೂ ಬರೆಯಿರಿ. ಏಬಲ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ಅಲ್ವಾ?

ಕಾರ್ಡೈಟ್ ಈಗ ಬರಲಿ. ಹೊಗೆ ಬರದ ಈ ಮದ್ದನ್ನು ಏಬಲ್, ಜೇಮ್ಸ್ ಡೂವರ್ ಸರ್ಕಾರಿ ಸಮಿತಿಯಲ್ಲಿದ್ದಾಗ ಮಾಡಿದರು. ಆಲ್ಫ್ರೆಡ್ ನೊಬೆಲ್ ತನ್ನದೇ ಹೊಗೆರಹಿತ ಮದ್ದಾದ ಬ್ಯಾಲಿಸ್ಟೈಟ್‌ನ ವಿವರಗಳನ್ನು ನಂಬಿ ಇವರಿಗೇ ಹೇಳಿದ್ದ. ಕಾರ್ಡೈಟ್ ತನ್ನ ಪೇಟೆಂಟ್ ಮೀರಿದೆ ಅನ್ನುವ ಅವನ ಕಡೆಯ ಕೇಸು ಬ್ರಿಟನ್ನಿನ ಆಗಿನ ಕೊನೆಯ ಕೋರ್ಟ್ ಆದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1895ರಲ್ಲಿ ನೊಬೆಲ್ ಸೋತ. ಅವನ ಪೇಟೆಂಟಿನಲ್ಲಿದ್ದದ್ದು ಕರಗುವ ಜಾತಿಯ ನೈಟ್ರೋಸೆಲ್ಯುಲೋಸ್ (ಗನ್‌ಕಾಟನ್ ಕೂಡ ಇದೇ ಬಗೆಯದು), ಇವರು ಬಳಸಿದ್ದು ಕರಗದ್ದು. ಕಾನೂನಿಗೆ ಅಷ್ಟು ಸಾಕಾಯಿತು. ನನಗೇನೋ ಇದು ಕೈಚಳಕ ಅನಿಸುತ್ತದೆ. ನೀವು ತೀರ್ಪು ಕೊಡಬೇಕಿಲ್ಲ, ಆದರೆ ಎರಡೂ ಕಡೆಯ ವಾದ ಇಡಿ.

ಪದವಿ, ಬಿರುದುಗಳಿಗೆ ಒಂದು ಸಾಲು ಸಾಕು: 1883ರಲ್ಲಿ ಸರ್, 1893ರಲ್ಲಿ ಬ್ಯಾರನೆಟ್. 1902ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಜಾಗ ಉಳಿದರೆ 1880ರ ಸೀಹ್ಯಾಮ್ ಗಣಿ ದುರಂತ ಸೇರಿಸಿ. ಸ್ಫೋಟದಲ್ಲಿ ಧೂಳಿನ ಪಾತ್ರವೇನು ಅಂತ ಅಲ್ಲಿಯ ಕಲ್ಲಿದ್ದಲ ಧೂಳನ್ನು ಏಬಲ್ ಪರೀಕ್ಷೆ ಮಾಡಿದ್ದ.