ಮೆಂತ್ಯ ಮೊದಲು, ಟೊಮೆಟೊ ಆಮೇಲೆ: ಬೀಜ ಹಾಕಿ ತರಕಾರಿ ಬೆಳೆಯೋಣ

ಹೊಸದಾಗಿ ಕೈತೋಟ ಶುರು ಮಾಡುವವರು ಮೊದಲು ಕೊಳ್ಳುವುದು ಟೊಮೆಟೊ ಬೀಜ. ಎರಡನೆಯದು ದೊಣ್ಣೆಮೆಣಸಿನಕಾಯಿ, ಅದೂ ಹಳದಿ, ಕೆಂಪು ಕಾಯಿಗಳ ಚಿತ್ರ ಇರುವ ಪೊಟ್ಟಣ. ಎರಡೂ ಮೊದಲ ಪಾಠಕ್ಕೆ ಹೇಳಿ ಮಾಡಿಸಿದವಲ್ಲ. ಟೊಮೆಟೊ ಬೀಜ ಹಾಕಿದ ದಿನದಿಂದ ಹಣ್ಣು ಕೀಳುವವರೆಗೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಅಷ್ಟರೊಳಗೆ ಸಸಿ ಬಾಡಬಹುದು, ಎಲೆ ಮುದುಡಬಹುದು, ಹೂವು ಉದುರಬಹುದು. ಇದರಲ್ಲಿ ಯಾವುದು ನೀರಿನ ತೊಂದರೆ, ಯಾವುದು ಬಿಸಿಲಿನ ತೊಂದರೆ ಅಂತ ಹೊಸಬರಿಗೆ ತಿಳಿಯುವುದು ಹೇಗೆ?

ಮೆಂತ್ಯ ಹಾಗಲ್ಲ. ಮೂರನೇ ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ನಿಮ್ಮ ತಾರಸಿಯಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತದೆ, ಕುಂಡ ಎಷ್ಟು ಬೇಗ ಒಣಗುತ್ತದೆ, ಪಾರಿವಾಳ ಎಲ್ಲಿಂದ ಬರುತ್ತದೆ, ಇದೆಲ್ಲ ಒಂದೇ ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ. ಬೀಜಕ್ಕೆ ಖರ್ಚೂ ಇಲ್ಲ. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಮೆಂತ್ಯ, ದಂಟು, ಬೆಂಡೆ ಬಂದ ಮೇಲೆಯೇ ಟೊಮೆಟೊ ಬಂದದ್ದು. ಕೆಳಗೆ ಹೇಳುವುದೂ ಅದೇ ಕ್ರಮದಲ್ಲಿ.

ಅಡುಗೆಮನೆ ಡಬ್ಬಿಯಿಂದ ಶುರು

ದಿನಸಿ ಅಂಗಡಿಯ ಮೆಂತ್ಯ, ಕೊತ್ತಂಬರಿ ಬೀಜ ಚೆನ್ನಾಗಿಯೇ ಮೊಳೆಯುತ್ತವೆ, ಹುರಿದಿರಬಾರದು ಅಷ್ಟೆ. ಮೆಂತ್ಯವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಚೆಲ್ಲಿ. ಕೊತ್ತಂಬರಿಯ ಒಂದು ಗುಂಡಿನಲ್ಲಿ ಎರಡು ಬೀಜ ಇರುತ್ತವೆ. ಮಣೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿದರೆ ಎರಡು ಹೋಳಾಗುತ್ತದೆ. ಪುಡಿಯಾಗುವಷ್ಟು ಒತ್ತಬೇಡಿ. ಹೋಳು ಮಾಡಿದರೂ ಅದು ಮೊಳೆಯಲು ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಎರಡು ವಾರ. ಅಲ್ಲಿಯವರೆಗೆ ಕುಂಡವನ್ನು ಕೆದಕಿ ನೋಡುವ ಆಸೆ ತಡೆದುಕೊಳ್ಳಬೇಕು.

ಹಳೆಯ ಬೀಜದ ಮೇಲೆ ಅನುಮಾನ ಇದ್ದರೆ ಮೊಳಕೆ ಕಾಳು ಕಟ್ಟುವ ಹಾಗೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ. ನಾಲ್ಕೈದು ಮೊಳೆತರೆ ಎರಡರಷ್ಟು ಹಾಕಿ. ಒಂದೋ ಎರಡೋ ಬಂದರೆ ಆ ಪೊಟ್ಟಣದ ಆಸೆ ಬಿಡಿ.

ಪೊಟ್ಟಣ ಕೊಳ್ಳುವಾಗ ಚಿತ್ರ ಬಿಟ್ಟು ಚೀಟಿ ಓದಿ. ಪರೀಕ್ಷೆ ಮಾಡಿದ ತಿಂಗಳು, ಅವಧಿ ಮುಗಿಯುವ ತಿಂಗಳು, ಮೊಳಕೆ ಪ್ರಮಾಣ ಅದರಲ್ಲಿ ಇರಬೇಕು. ಸರ್ಕಾರದ ಮಾನದಂಡದಲ್ಲಿ ಟೊಮೆಟೊ, ಬದನೆಗೆ ಕನಿಷ್ಠ ಶೇ 70, ಮೆಣಸಿನಕಾಯಿಗೆ ಶೇ 60. ಅಂದರೆ ಒಳ್ಳೆಯ ಪೊಟ್ಟಣದಲ್ಲೂ ಹತ್ತರಲ್ಲಿ ಮೂರ್ನಾಲ್ಕು ಮೆಣಸಿನ ಬೀಜ ಮೊಳೆಯದೆ ಇರಬಹುದು. ನಿಮ್ಮ ಕೈಗುಣವನ್ನು ಬೈದುಕೊಳ್ಳಬೇಕಿಲ್ಲ. ಗುಲಾಬಿ, ನೀಲಿ, ಹಸಿರು ಬಣ್ಣ ಮೆತ್ತಿದ ಬೀಜ ಬಂದರೆ ಅದು ಔಷಧಿ ಹಚ್ಚಿದ್ದು. ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳ ಹೆಸರು ‘ಅರ್ಕಾ’ ಎಂದು ಶುರುವಾಗುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ದಂಟಿನಲ್ಲಿ ಅರ್ಕಾ ಸುಗುಣ, ಟೊಮೆಟೊದಲ್ಲಿ ಅರ್ಕಾ ವಿಕಾಸ್ ಮನೆಗೆ ಒಗ್ಗುವಂಥವು. ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗ ತಡೆಯುತ್ತದೆ, ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ತೆಗೆದು ಮತ್ತೆ ಹಾಕಿದರೆ ತಾಯಿಯ ಹಾಗೆಯೇ ಬರುತ್ತದೆ ಅನ್ನುವ ಭರವಸೆ ಇಲ್ಲ.

ಮಣ್ಣಲ್ಲ, ಮಿಶ್ರಣ

ಬೀಜ ಮೊಳೆಸಲು ಬರೀ ಕೆಮ್ಮಣ್ಣು ಬೇಡ. ನಾಲ್ಕು ಸಲ ನೀರು ಬಿದ್ದರೆ ಗಟ್ಟಿಯಾಗಿ, ಸಣ್ಣ ಮೊಳಕೆ ಮೇಲೆ ಬರಲಾರದೆ ಒಳಗೇ ಉಳಿಯುತ್ತದೆ. ಎರಡು ಪಾಲು ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಕೊಕೊಪಿಟ್ 650 ಗ್ರಾಂನ ಇಟ್ಟಿಗೆಯಾಗಿ ಸಿಗುತ್ತದೆ. ನೆನೆಸಿದರೆ ಉಬ್ಬಿ ಒಂದು ಬಕೆಟ್‌ನ ಅರ್ಧಕ್ಕೆ ಬರುತ್ತದೆ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ನೀರು ಬದಲಿಸಿ ತೊಳೆದು ಹಿಂಡಿ. ಅದರಲ್ಲಿ ಸಾರ ಏನೂ ಇಲ್ಲ, ಅದಕ್ಕೇ ಎರೆಗೊಬ್ಬರ. ಬೆರೆಸಿದ ಮೇಲೆ ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ. ನೀರು ಧಾರೆಯಾಗಿ ಸುರಿದರೆ ಜಾಸ್ತಿಯಾಯಿತು.

ಪಾತ್ರೆಗೆ ದುಡ್ಡು ಹಾಕಬೇಡಿ. ಮೊಸರಿನ ಡಬ್ಬಿ, ಪೇಪರ್ ಲೋಟ ಸಾಕು, ತಳದಲ್ಲಿ ತೂತು ಇರಬೇಕು. ಮೊಟ್ಟೆಯ ಚಿಪ್ಪಿನಲ್ಲಿ ಸಸಿ ಮಾಡುವುದು ಫೋಟೊಕ್ಕೆ ಚಂದ, ಬೇರಿಗೆ ಮಾತ್ರ ಜಾಗವೇ ಇರುವುದಿಲ್ಲ. ಜಾಸ್ತಿ ಸಸಿ ಬೇಕಿದ್ದವರು ನರ್ಸರಿಯಲ್ಲಿ ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಗುಳಿಗಳ ಟ್ರೇ ಕೇಳಿ. ರೈತರು ಬಳಸುವ 98 ಗುಳಿಯದ್ದಕ್ಕಿಂತ 50 ಗುಳಿಯದ್ದು ಮನೆಗೆ ವಾಸಿ. ಗುಳಿ ದೊಡ್ಡದಿದ್ದಷ್ಟೂ ನಿಧಾನವಾಗಿ ಒಣಗುತ್ತದೆ.

ಟ್ರೇಗೆ ಯಾವುದು, ನೇರ ಕುಂಡಕ್ಕೆ ಯಾವುದು

ಇದನ್ನು ಬಹಳ ಜನ ಕೇಳುವುದೇ ಇಲ್ಲ, ಸಿಕ್ಕಿದ್ದನ್ನೆಲ್ಲ ಟ್ರೇಗೆ ಹಾಕುತ್ತಾರೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸುಗಳಿಗೆ ಟ್ರೇ ಬೇಕು. ಕಿತ್ತು ನೆಟ್ಟರೆ ಅವಕ್ಕೆ ಬೇಜಾರಿಲ್ಲ. ಮೂಲಂಗಿ, ಕ್ಯಾರೆಟ್ ನೇರವಾಗಿ ದೊಡ್ಡ ಕುಂಡಕ್ಕೇ ಹೋಗಬೇಕು, ಅವುಗಳಲ್ಲಿ ನಾವು ತಿನ್ನುವುದೇ ಬೇರು. ಆ ಎಳೆ ಬೇರು ಮುರಿದರೆ ಗಡ್ಡೆ ಕವಲೊಡೆಯುತ್ತದೆ. ಬೆಂಡೆ, ಹುರುಳಿಕಾಯಿ ಕೂಡ ನೇರವಾಗಿಯೇ. ಸೊಪ್ಪುಗಳಿಗಂತೂ ಟ್ರೇ ಮಾತೇ ಇಲ್ಲ.

ಹೀರೆ, ಹಾಗಲ, ಸೋರೆ ಬಳ್ಳಿಗಳು ನಡುವಿನವು. ಸಿಪ್ಪೆ ಗಟ್ಟಿ, ಆದ್ದರಿಂದ ರಾತ್ರಿಯಿಡೀ ನೆನೆಸಿ. ಪೇಪರ್ ಲೋಟದಲ್ಲಿ ಹಾಕಿ, ಎರಡು ನಿಜವಾದ ಎಲೆ (ಬೀಜದಿಂದ ಮೊದಲು ಬರುವ ಜೋಡಿ ಬಿಟ್ಟು ಆಮೇಲಿನವು) ಬಂದ ಕೂಡಲೇ ಲೋಟ ಹರಿದು ಮಣ್ಣಿನ ಹೆಂಟೆ ಸಮೇತ ಇಳಿಸಿ. ತಡ ಮಾಡಿದರೆ ಮುನಿಸಿಕೊಂಡು ಬೆಳೆಯುವುದನ್ನೇ ನಿಲ್ಲಿಸುತ್ತವೆ.

ಬೀಜ ಎಷ್ಟು ಆಳಕ್ಕೆ? ಬೀಜ ಎಷ್ಟು ದಪ್ಪವೋ ಅದರ ಎರಡು ಮೂರರಷ್ಟು. ಟೊಮೆಟೊಕ್ಕೆ ಅರ್ಧ ಸೆಂಟಿಮೀಟರ್, ಬೆಂಡೆಗೆ ಬೆರಳಿನ ಅರ್ಧ ಗೆಣ್ಣು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಚೆಲ್ಲಿ, ಇಲ್ಲವಾದರೆ ಎಲ್ಲ ಒಂದೇ ಕಡೆ ಗುಂಪಾಗುತ್ತದೆ. ಚೆಲ್ಲಿದ ಮೇಲೆ ಇರುವೆ ಸಾಲು ಬರುತ್ತದೆ. ದಂಟಿನ ಬೀಜವನ್ನು ಒಂದೊಂದಾಗಿ ಹೊತ್ತುಕೊಂಡು ಹೋಗುವುದು ಅವೇ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಟ್ಟರೆ ಅವು ದಾಟಲಾರವು. ನಾಲ್ಕೈದು ದಿನ ಮಾತ್ರ ಸಾಕು, ಆಮೇಲೆ ತಟ್ಟೆ ತೆಗೆಯಿರಿ, ಸೊಳ್ಳೆಗೆ ಜಾಗ ಮಾಡಿಕೊಡಬೇಡಿ.

ಮೊಳಕೆಯ ಮೊದಲ ವಾರಗಳು

ಟೊಮೆಟೊ ಐದರಿಂದ ಎಂಟು ದಿನ, ಬದನೆ ಒಂದು ವಾರದಿಂದ ಹತ್ತು ದಿನ. ಮೆಣಸಿನಕಾಯಿ ಸೋಮಾರಿ, ಹತ್ತು ದಿನ ದಾಟಿದರೂ ಸುಮ್ನೆ ಕಾಯಿರಿ. ಅದಕ್ಕೆ 25ರಿಂದ 30 ಡಿಗ್ರಿ ಬಿಸಿ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಗಳು 16 ಡಿಗ್ರಿ ಆಸುಪಾಸಿಗೆ ಇಳಿಯುತ್ತವೆ, ಆಗ ಇನ್ನೂ ನಿಧಾನ. ಮೊಳೆಯುವವರೆಗೆ ಡಬ್ಬಿಯನ್ನು ಫ್ರಿಜ್‌ನ ತಲೆಯ ಮೇಲೆ ಇಡಬಹುದು, ಅಲ್ಲಿ ಬೆಚ್ಚಗಿರುತ್ತದೆ. ಮೊದಲ ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ.

ಆ ದಿನವೇ ಅಂದದ್ದು ಬಾಯಿಮಾತಿಗಲ್ಲ. ಬೆಳಕು ಸಾಲದಿದ್ದರೆ ಸಸಿ ಎರಡೇ ದಿನದಲ್ಲಿ ದಾರದ ಹಾಗೆ ಉದ್ದವಾಗಿ ಬಗ್ಗುತ್ತದೆ. ಕಿಟಕಿ ಪಕ್ಕ ಇಟ್ಟರೆ ಸಾಕು ಅನ್ನುತ್ತಾರೆ, ಆದರೆ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಬೆಳಕು ಒಂದೇ ಕಡೆಯಿಂದ, ಅದೂ ಎದುರಿನ ಕಟ್ಟಡ ಬಿಟ್ಟಷ್ಟು. ಬೆಳಗಿನ ಮೂರ್ನಾಲ್ಕು ಗಂಟೆ ನೇರ ಬಿಸಿಲು ಬೀಳುವ ಬಾಲ್ಕನಿ ಅಥವಾ ತಾರಸಿಯ ಪೂರ್ವದ ಮೂಲೆ ಒಳ್ಳೆಯದು. ಮಧ್ಯಾಹ್ನಕ್ಕೆ ನೆರಳು ಬಲೆ ಅಥವಾ ಹಳೇ ವೇಲು ಕಟ್ಟಿ. ಹಕ್ಕಿ, ಅಳಿಲಿಗೂ ಅದೇ ಅಡ್ಡ.

ನೀರಿನ ವಿಷಯದಲ್ಲಿ ಕೈ ಬಿಗಿ ಇರಲಿ. ಹೊಸಬರ ಸಸಿ ಒಣಗಿ ಸಾಯುವುದು ಕಡಿಮೆ, ಕೊಳೆತು ಸಾಯುವುದೇ ಜಾಸ್ತಿ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಬುಡದಲ್ಲಿ ನೀರು ನೀರಾಗಿ ತೆಳುವಾಗಿ ಮಲಗಿರುತ್ತದೆ, ಎಲೆ ಮಾತ್ರ ಇನ್ನೂ ಹಸಿರು. ಇದು ಮಣ್ಣಿನ ಶಿಲೀಂಧ್ರದ ಕೆಲಸ. ಸದಾ ಒದ್ದೆ, ಗಾಳಿಯಾಡದ ಜಾಗ, ಒತ್ತೊತ್ತಾಗಿ ಹಾಕಿದ ಬೀಜ ಸೇರಿದರೆ ಬರುತ್ತದೆ. ಬಿದ್ದ ಸಸಿ ಏಳುವುದಿಲ್ಲ, ಅದರ ಸುತ್ತಲಿನ ಮಿಶ್ರಣ ಸಮೇತ ತೆಗೆದು ಎಸೆಯಿರಿ. ಬೀಜ ಹಾಕುವ ಮೊದಲೇ ಮಿಶ್ರಣಕ್ಕೆ ಒಂದು ಚಮಚ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿದರೆ ಕಾಟ ಬಹಳಷ್ಟು ಕಡಿಮೆಯಾಗುತ್ತದೆ. ಮೇಲಿನಿಂದ ಸುರಿಯುವ ಬದಲು ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು ತೆಗೆಯಿರಿ. ಮೇಲ್ಪದರ ಬೆರಳಿಗೆ ಒಣ ಅನಿಸಿದಾಗ ಮಾತ್ರ ಮುಂದಿನ ನೀರು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಟ್ರೇಯನ್ನು ಸೂರಿನಡಿ ಇಡಲೇಬೇಕು.

ನಾಟಿ

ಟೊಮೆಟೊ ಸಸಿ 25ರಿಂದ 30 ದಿನಕ್ಕೆ, ಮೆಣಸಿನಕಾಯಿ 35ರಿಂದ 45 ದಿನಕ್ಕೆ ನಾಟಿಗೆ ಸಿದ್ಧ. ದಿನ ಲೆಕ್ಕಕ್ಕಿಂತ ನಾಲ್ಕೈದು ನಿಜವಾದ ಎಲೆ ಇವೆಯೇ ನೋಡಿ. ಬೀಜದೊಳಗಿನಿಂದ ಮೊದಲು ಬರುವ ಎರಡು ಎಲೆ ಈ ಲೆಕ್ಕಕ್ಕಿಲ್ಲ. ಒಂದು ವಾರ ಮೊದಲಿನಿಂದ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ದಿನಕ್ಕೊಂದು ಗಂಟೆ ಹೆಚ್ಚಿಸಿ. ಸಂಜೆ ಹೊತ್ತು ನೆಡಿ.

ಟೊಮೆಟೊ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಹಾಗಾಗಿ ಕೆಳಗಿನ ಎಲೆ ಚಿವುಟಿ ಆಳಕ್ಕೆ ಹೂತರೆ ಗಟ್ಟಿಯಾಗುತ್ತದೆ, ಉದ್ದವಾಗಿ ಬಗ್ಗಿದ ಸಸಿಗೂ ಇದೇ ಮದ್ದು. ಬದನೆ, ಮೆಣಸಿನಕಾಯಿಯನ್ನು ಮಾತ್ರ ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡಿ. ಒಂದು ಟೊಮೆಟೊ ಗಿಡಕ್ಕೆ 15 ಲೀಟರ್ ಕುಂಡವಾದರೂ ಬೇಕು. ಜಾಗ ಉಳಿಸಲು ಎರಡು ಹಾಕಿದರೆ ಎರಡೂ ಅರೆಹೊಟ್ಟೆ.

ಅವರೆ ಇಷ್ಟಪಡುವವರಿಗೆ ಒಂದು ಮಾತು. ಊರಿನ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ಫೆಬ್ರುವರಿಯಲ್ಲಿ ಬಿತ್ತಿ ಬಳ್ಳಿ ಎಷ್ಟು ಸೊಕ್ಕಿ ಬೆಳೆದರೂ ಚಳಿಗಾಲದ ತನಕ ಕಾಯಿ ಕೇಳಬೇಡಿ. ವರ್ಷವಿಡೀ ಬೇಕೆಂದರೆ ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆ ಅಥವಾ ಅರ್ಕಾ ಜಯ್, ಅರ್ಕಾ ವಿಜಯ್ ತಳಿ ಕೇಳಿ ತನ್ನಿ.

ಮುಂದಿನ ಸಲಕ್ಕೆ ಬೀಜ

ಹೈಬ್ರಿಡ್ ಅಲ್ಲದ ಟೊಮೆಟೊ ಆಗಿದ್ದರೆ ಚೆನ್ನಾಗಿ ಹಣ್ಣಾದದ್ದೊಂದನ್ನು ಆರಿಸಿ. ಬೀಜ, ಲೋಳೆ ಎರಡನ್ನೂ ಲೋಟಕ್ಕೆ ಹಾಕಿ ಎರಡು ದಿನ ಬಿಡಿ. ಹುಳಿ ವಾಸನೆ ಬಂದು ಮೇಲೆ ಬೂಷ್ಟು ಕಟ್ಟಿದಾಗ ನೀರು ಹಾಕಿ ತೊಳೆಯಿರಿ. ತೇಲುವುದು ಜೊಳ್ಳು, ತಳದಲ್ಲಿ ಉಳಿದದ್ದು ಗಟ್ಟಿ ಬೀಜ. ನೆರಳಲ್ಲಿ ತಟ್ಟೆಯ ಮೇಲೆ ಒಣಗಿಸಿ, ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಕಾಗದದ ಪೊಟ್ಟಣ ಕಟ್ಟಿ, ತಳಿಯ ಹೆಸರು, ತಿಂಗಳು, ವರ್ಷ ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಟೊಮೆಟೊ ಬೀಜ ಹೀಗೆ ಮೂರ್ನಾಲ್ಕು ವರ್ಷ ತಡೆಯುತ್ತದೆ. ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ, ಅದನ್ನು ಮಾತ್ರ ವರ್ಷ ವರ್ಷವೂ ಹೊಸದಾಗಿಯೇ ಕೊಳ್ಳಿ.