ಕಲಾಶಾಲೆಯಿಂದ ಸ್ಟುಡಿಯೋಗೆ ಬಂದ ರೂಢಿಗಳು

ಕುಂಬಾರನ ತಿಗರಿಯ ಮೇಲೆ ಕೈ ಕೂರಲು ಕಲಾಶಾಲೆಯೇ ಆಗಬೇಕೆಂದೇನಿಲ್ಲ. ಖಾನಾಪುರದ ಕುಂಬಾರಿಕೆ ತರಬೇತಿ ಸಂಸ್ಥೆಯಲ್ಲೋ ಕುಂಬಾರರ ಅಂಗಳದಲ್ಲೋ ಒಂದೇ ಆಕಾರವನ್ನು ದಿನವಿಡೀ ಎತ್ತಿದರೆ ಕೈ ಬೇಗ ಪಳಗುತ್ತದೆ. ಕಾಲೇಜಿನ ವೇಳಾಪಟ್ಟಿಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಅಲ್ಲಿಂದ ನಾನು ತಂದುಕೊಂಡದ್ದು ಅಳೆದು ಬರೆದಿಡುವ, ಮಾಲು ಸುಡುವ ಮುಂಚೆ ತುಂಡು ಸುಟ್ಟು ನೋಡುವ ರೂಢಿ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಅದರ ಮೇಲೆಯೇ.

ಹೊಸ ಮಣ್ಣು ಬಂದರೆ ಮೊದಲು 14 ಸೆಂ.ಮೀ. ಉದ್ದದ ಪಟ್ಟಿ ಮಾಡಿ, ಹಸಿಯಿರುವಾಗಲೇ ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಕೊರೆಯುತ್ತೇನೆ. ಸುಟ್ಟ ಮೇಲೆ ಗೆರೆ 8.8ಕ್ಕೆ ಇಳಿದಿದ್ದರೆ ಮಣ್ಣು ಶೇ 12ರಷ್ಟು ಕುಗ್ಗಿದೆ. ಹೊಸಬರು ತಪ್ಪುವುದು ಇದರ ಮುಂದಿನ ಲೆಕ್ಕದಲ್ಲಿ. 30 ಸೆಂ.ಮೀ. ತಟ್ಟೆ ಬೇಕೆಂದರೆ 30ಕ್ಕೆ ಶೇ 12 ಕೂಡಿಸಿ 33.6ಕ್ಕೆ ತಿರುಗಿಸುತ್ತಾರೆ, ಸುಟ್ಟಾಗ ಅದು 29.6ಕ್ಕೆ ಬಂದು ನಿಲ್ಲುತ್ತದೆ. 30ನ್ನು 0.88ರಿಂದ ಭಾಗಿಸಬೇಕು, ಆಗ 34.1. ಬಿಡಿ ತಟ್ಟೆಗೆ ಇದೇನೂ ದೊಡ್ಡದಲ್ಲ. ಹೋಟೆಲಿನವರು ಹಳೆಯ ಸೆಟ್ಟಿಗೆ ಹೊಂದುವ ತಟ್ಟೆ ಕೇಳಿದಾಗ ಆ ನಾಲ್ಕು ಮಿಲಿಮೀಟರು ಕಣ್ಣಿಗೆ ಹೊಡೆಯುತ್ತದೆ.

ಅದೇ ಪಟ್ಟಿಯನ್ನು ತೂಗಿ, ನೀರಲ್ಲಿ ಕುದಿಸಿ, ಒರೆಸಿ ಮತ್ತೆ ತೂಗುತ್ತೇನೆ. 100 ಗ್ರಾಂ ಇದ್ದದ್ದು 105 ಆದರೆ ಶೇ 5 ನೀರು ಹೀರುತ್ತಿದೆ. ಅಂಥ ಮಗ್ಗು ಮೇಜಿನ ಮೇಲೆ ತೇವದ ಉಂಗುರ ಬಿಡುತ್ತದೆ.

ಗ್ಲೇಜ್, ಅಂದರೆ ಸುಟ್ಟಾಗ ಕರಗಿ ಗಾಜಿನಂತೆ ಕೂರುವ ಲೇಪದ ವಿಷಯದಲ್ಲಿ ಕಾಲೇಜಿನ ಪಾಠ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬ್ರಿಟಿಷ್ ಕುಂಬಾರ ಬರ್ನಾರ್ಡ್ ಲೀಚ್ ಹೆಸರಿನಲ್ಲಿ ಓಡಾಡುವ 4-3-2-1 ಸೂತ್ರ ಎಲ್ಲರ ನೋಟ್‌ಬುಕ್ಕಿನಲ್ಲೂ ಇರುತ್ತದೆ: ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಕೇಯೊಲಿನ್ (ಬಿಳಿ ಜೇಡಿ) 10. ಅದು ಕುಂಬಾರರು ಶಾಖ ಅಳೆಯುವ ಕೋನ್ ಲೆಕ್ಕದಲ್ಲಿ ಕೋನ್ 10ರ, ಅಂದರೆ ಸುಮಾರು 1,280 ಡಿಗ್ರಿಯ ಗ್ಲೇಜ್. 1,220ಕ್ಕೆ ನಿಲ್ಲಿಸುವ ಎಲೆಕ್ಟ್ರಿಕ್ ಕಿಲ್ನ್‌ನಲ್ಲಿ (ಸುಡುವ ಗೂಡಿನಲ್ಲಿ) ಪೂರ್ತಿ ಕರಗದೆ ಒರಟಾಗಿ ಉಳಿಯುತ್ತದೆ. ಕಡಿಮೆ ಶಾಖಕ್ಕೇ ಕರಗುವಂತೆ ಬೋರಾನ್ ಇರುವ ಫ್ರಿಟ್ (ಗಾಜಿನ ಪುಡಿ) ಹಾಕಿ ಹೊಸದಾಗಿ ಕೂಡಿಸಬೇಕು. ಬಣ್ಣದ ಕಥೆಯೂ ಹೀಗೆಯೇ. ಶೇ 1 ಕಬ್ಬಿಣದ ಆಕ್ಸೈಡ್ ಗ್ಯಾಸ್ ಕಿಲ್ನ್‌ನಲ್ಲಿ ಆಮ್ಲಜನಕ ಕಡಿಮೆ ಮಾಡಿ ಸುಟ್ಟಾಗ ಸೆಲಡಾನ್ ಎಂಬ ತಿಳಿ ಹಸಿರು ಕೊಡುತ್ತದೆ. ಎಲೆಕ್ಟ್ರಿಕ್‌ನಲ್ಲಿ ಸಿಗುವುದು ಮಾಸಲು ಹಳದಿ ಛಾಯೆ. ಪುಸ್ತಕದ ಫೋಟೋ ನೋಡಿ ಬಕೆಟ್ಟುಗಟ್ಟಲೆ ಕಲಸುವವರು ಇದನ್ನು ಮರೆಯುತ್ತಾರೆ.

ನಾನು 100 ಗ್ರಾಂ ಒಣ ಮಿಶ್ರಣದಂತೆ ಆರು ಬಟ್ಟಲು ಮಾಡಿ, ಕಬ್ಬಿಣವನ್ನು 1, 2, 4, 6, 8, 10 ಗ್ರಾಂ ಸೇರಿಸುತ್ತೇನೆ. ಬೇರೆ ಯಾವುದನ್ನೂ ಬದಲಿಸುವುದಿಲ್ಲ. ಟೆಸ್ಟ್ ತುಂಡು ನಿಂತಿರಬೇಕು, ಮಲಗಿಸಿದ ತುಂಡಿನಲ್ಲಿ ಗ್ಲೇಜ್ ಹರಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಬುಡ ಬಿಟ್ಟು ಇಡೀ ತುಂಡನ್ನು ಒಮ್ಮೆ ಅದ್ದಿ, ಮೇಲರ್ಧವನ್ನು ಇನ್ನೊಮ್ಮೆ ಅದ್ದಿದರೆ ಎರಡು ದಪ್ಪವೂ ಒಂದರಲ್ಲೇ ಕಾಣುತ್ತವೆ. ನಂಬರನ್ನು ಹಿಂಬದಿಯ ಬುಡದಲ್ಲಿ, ಗ್ಲೇಜ್ ತಾಗದ ಕಡೆ, ಕಬ್ಬಿಣದ ಆಕ್ಸೈಡ್ ಕಲಸಿದ ನೀರಲ್ಲಿ ಬರೆಯಿರಿ. ಪೆನ್ಸಿಲ್ ಗುರುತು ಸುಟ್ಟುಹೋಗುತ್ತದೆ. ಗ್ಲೇಜಿನಲ್ಲಿ ಬಲೆಯಂಥ ಬಿರುಕು ಬಿದ್ದರೆ ಸುಟ್ಟ ಮೇಲೆ ತಣಿಯುವಾಗ ಅದು ಮಣ್ಣಿಗಿಂತ ಹೆಚ್ಚು ಕುಗ್ಗುತ್ತಿದೆ ಎಂದು ಅರ್ಥ. ಸಿಲಿಕಾವನ್ನು ಐದೈದು ಗ್ರಾಂ ಏರಿಸುತ್ತ ಹೋಗಿ.

ಡ್ರಾಯಿಂಗ್ ತರಗತಿ ಕುಂಬಾರನಿಗೆ ಯಾಕೆ ಎಂದು ಕೇಳುವವರಿದ್ದಾರೆ. ನಾನು ಪ್ರತಿ ಆಕಾರವನ್ನೂ ನಡುವೆ ಸೀಳಿದಂತೆ ಬರೆಯುತ್ತೇನೆ, ಆಮೇಲೆ ಮೊದಲ ಮಗ್ಗನ್ನು ತಂತಿಯಿಂದ ನಿಜವಾಗಿಯೂ ಸೀಳುತ್ತೇನೆ. ತಳ ಮತ್ತು ಗೋಡೆ ಕೂಡುವ ಮೂಲೆ ದಪ್ಪವಾಗಿದ್ದರೆ ಅಲ್ಲಿ ತಡವಾಗಿ ಒಣಗಿ ಸೀಳು ಬಿಡುತ್ತದೆ. ತಳದ ನಡುವಿನ ಎಸ್ ಆಕಾರದ ಸೀಳಿಗೆ ಕಾರಣ ಸಾಮಾನ್ಯವಾಗಿ ಬೇರೆ: ತಳವನ್ನು ಒತ್ತಿ ಗಟ್ಟಿ ಮಾಡಿರುವುದಿಲ್ಲ, ಇಲ್ಲವೇ ಅಲ್ಲಿ ನೀರು ನಿಂತಿರುತ್ತದೆ.

ಓದು ಕೆಲಸದ ದಾರಿಯನ್ನೇ ತಿರುಗಿಸುವುದೂ ಉಂಟು. 1971ರಲ್ಲಿ ಡೆಬೊರಾ ಸ್ಮಿತ್ ಜೊತೆ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದ ರೇ ಮೀಕರ್ ವಾಸ್ತುಶಿಲ್ಪವನ್ನೂ ಓದಿದವರು. ಮುಂದೆ ಹಸಿ ಮಣ್ಣಿನ ಮನೆಯನ್ನೇ ಕಟ್ಟಿ, ನಿಂತಲ್ಲೇ ಸುಟ್ಟರು.

ಬೆಲೆ ಕಟ್ಟುವುದನ್ನು ಮಾತ್ರ ಕಾಲೇಜು ಕಲಿಸುವುದಿಲ್ಲ. ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನದು), ಗ್ಲೇಜ್ ಎರಡೂ ಸುಡುವಿಕೆಯ ಕರೆಂಟು ಖರ್ಚನ್ನು ಕೂಡಿಸಿ, ಕಿಲ್ನ್‌ಗೆ ಹೋದ ಮಗ್ಗುಗಳಿಂದಲ್ಲ, ಮಾರಾಟಕ್ಕೆ ಯೋಗ್ಯವಾಗಿ ಹೊರಬಂದ ಮಗ್ಗುಗಳಿಂದ ಭಾಗಿಸಿ. 60 ಮಗ್ಗಿನ ಆರ್ಡರಿಗೆ ನಾನು 70 ಎತ್ತುತ್ತೇನೆ. ಹಿಡಿ ಅಂಟಿಸುವಾಗ ಕೆಲವು, ಗ್ಲೇಜಿನಲ್ಲಿ ಕೆಲವು ಹೋಗಿಯೇ ಹೋಗುತ್ತವೆ.