ಹಾಡಿನ ಫೋಲ್ಡರುಗಳನ್ನು ಒಂದು ಮಾಡಿದ್ದು: ಹೆಸರು ನೋಡಿ ಅಳಿಸಬೇಡಿ

ಕೈವಾರ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಹಾಗಾಗಿ ಚಿಂತಾಮಣಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅವರ ಒಂದೇ ಕೀರ್ತನೆಯ ಫೈಲು ಒಂದು ಕಡೆ ಕನ್ನಡ ಅಕ್ಷರದಲ್ಲಿ, ಇನ್ನೊಂದು ಕಡೆ ತೆಲುಗು ಅಕ್ಷರದಲ್ಲಿ, ಮತ್ತೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಕೂತಿತ್ತು. ಇಂಗ್ಲಿಷ್ ಅಕ್ಷರದಲ್ಲಂತೂ ‘ತ’ಗೆ ಒಬ್ಬರು ಟಿ ಹಾಕಿದ್ದರೆ ಇನ್ನೊಬ್ಬರು ಟಿಎಚ್. ಅವರ ಹೆಸರು ಕೆಲವು ಕಡೆ ನಾರೇಯಣ, ಕೆಲವು ಕಡೆ ನಾರಾಯಣ. ಇದರ ಜೊತೆಗೆ ದಾಸರ ಪದ, ಭಾವಗೀತೆ, ಸಿನಿಮಾ ಹಾಡು, ಕ್ಯಾಸೆಟ್ಟಿನಿಂದ ಇಳಿಸಿದ ಹರಿಕಥೆ. ಡಿ ಡ್ರೈವಿನಲ್ಲಿ ಒಂದು ಸಂಗ್ರಹ, ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು, ಐಟ್ಯೂನ್ಸ್ ತಾನೇ ಮಾಡಿಕೊಂಡ ನಕಲು ಬೇರೆ, ಫೋನಿನ ಬ್ಯಾಕಪ್ ಬೇರೆ. ಇಂಥ ಸಂಗ್ರಹದಲ್ಲಿ ಫೈಲಿನ ಹೆಸರನ್ನು ನಂಬಿ ನಕಲು ಹುಡುಕಿದರೆ ಎರಡು ಕಡೆಯಿಂದಲೂ ಏಟು: ನಿಜವಾದ ನಕಲು ಕೈಗೆ ಸಿಗುವುದಿಲ್ಲ, ನಕಲಲ್ಲದ್ದು ಅಳಿಸಿ ಹೋಗುತ್ತದೆ. ಒಳಗಿನ ಧ್ವನಿಯಿಂದ ಶುರು ಮಾಡಿ, ಹೆಸರನ್ನು ಕೊನೆಗೆ ಸರಿಪಡಿಸುವುದೇ ಸರಿಯಾದ ಕ್ರಮ. ನಾನು ಮಾಡಿದ್ದೂ ಹಾಗೆಯೇ.

ಮೊದಲು ಎಲ್ಲವನ್ನೂ ಒಂದೇ ಡ್ರೈವಿಗೆ ನಕಲು ಮಾಡಿಕೊಂಡೆ. ಕಟ್ ಅಲ್ಲ, ಕಾಪಿ. ಮೂಲ ಡಿಸ್ಕುಗಳನ್ನು ಕಳಚಿ ಬೀರುವಿನಲ್ಲಿಟ್ಟರೆ ಅವೇ ಬ್ಯಾಕಪ್. ಹೊಸ ಡ್ರೈವಿನಲ್ಲಿ ಒಂದೊಂದು ಮೂಲಕ್ಕೂ ಬೇರೆ ಬೇರೆ ಫೋಲ್ಡರ್ ಇರಬೇಕು: 1-ಡಿಡ್ರೈವ್, 2-ಹಳೇಡಿಸ್ಕ್, 3-ಐಟ್ಯೂನ್ಸ್, 4-ಫೋನ್. ಈ ಹಂತದಲ್ಲೇ ಎಲ್ಲವನ್ನೂ ಒಂದರ ಮೇಲೊಂದು ಸುರಿಯುವ ಆಸೆ ಬರುತ್ತದೆ, ಬೇಡ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಸಿಡಿಯಿಂದ ಇಳಿಸಿದ ಹಾಡುಗಳೆಲ್ಲ ‘ಅನ್‌ನೋನ್ ಆರ್ಟಿಸ್ಟ್, ಅನ್‌ನೋನ್ ಆಲ್ಬಂ, ಟ್ರ್ಯಾಕ್ 01’ ಎಂಬ ಒಂದೇ ದಾರಿಯಲ್ಲಿರುತ್ತವೆ. ಎರಡು ಡಿಸ್ಕಿನಲ್ಲಿ ಆ ಹೆಸರಿನ ಫೋಲ್ಡರ್ ಇದ್ದು, ಒಂದರೊಳಗೆ ಸುಗಮ ಸಂಗೀತ, ಇನ್ನೊಂದರೊಳಗೆ ವೀಣೆ ಇದ್ದರೆ, ‘ರೀಪ್ಲೇಸ್’ ಒತ್ತಿದ ಕೂಡಲೇ ಒಂದು ಇಡೀ ಸಿಡಿ ಹೋಯಿತು.

ನಕಲಿಗೆ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ಆಜ್ಞೆ ಬಳಸಿದೆ, ಏಕೆಂದರೆ ನಡುವೆ ಕರೆಂಟ್ ಹೋದರೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಸಾಕು, ಆಗಿರುವುದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ. ಆಜ್ಞೆಯ ಜೊತೆ ಎಲ್ ಸ್ವಿಚ್ (/L) ಹಾಕಿದರೆ ಏನು ಮಾಡುತ್ತದೆಂದು ಪಟ್ಟಿ ತೋರಿಸುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ಮೊದಲ ಸಲ ಹಾಗೇ ಓಡಿಸಿ ನೋಡಬೇಕು. ಮಿರ್ ಸ್ವಿಚ್ಚನ್ನು (/MIR) ಮಾತ್ರ ಈ ಕೆಲಸದ ಹತ್ತಿರಕ್ಕೂ ತರಬೇಡಿ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸುವುದೇ ಅದರ ಕೆಲಸ. ಸಮಯದ ಲೆಕ್ಕ: ಯುಎಸ್‌ಬಿ 2 ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ, ಅಂದರೆ 100 ಜಿಬಿಗೆ ಒಂದು ಗಂಟೆಗೆ ಹತ್ತಿರ. ಯುಎಸ್‌ಬಿ 3 ಇದ್ದು ಹಾರ್ಡ್‌ಡಿಸ್ಕ್ 100 ಎಂಬಿ ವೇಗ ಕೊಟ್ಟರೆ 20 ನಿಮಿಷದೊಳಗೆ. ಬೇಸಿಗೆಯ ಲೋಡ್‌ಶೆಡ್ಡಿಂಗ್ ಸಮಯದಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಇದನ್ನು ಮಾಡಬಾರದು. ಬರೆಯುತ್ತಿದ್ದಾಗ ಕರೆಂಟ್ ಹೋದರೆ ಫೈಲಿನ ಗಾತ್ರ ಸರಿಯಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಬರೀ ಸೊನ್ನೆ ತುಂಬಿರಬಹುದು.

ಹುಡುಕಾಟ ಶುರು ಮಾಡುವ ಮೊದಲು ಸೊನ್ನೆ ಗಾತ್ರದ ಫೈಲುಗಳನ್ನು ಬೇರೆ ಮಾಡಿ. ಖಾಲಿ ಫೈಲುಗಳೆಲ್ಲ ಒಂದಕ್ಕೊಂದು ತದ್ರೂಪವೆಂದೇ ಸಾಫ್ಟ್‌ವೇರಿಗೆ ಕಾಣುತ್ತವೆ. ಯಾವ ಹಾಡು ಇಳಿಯುವಾಗ ಕೆಟ್ಟಿತು ಎಂಬ ಸುಳಿವು ಆ ಖಾಲಿ ಫೈಲಿನ ಹೆಸರಿನಲ್ಲಿ ಮಾತ್ರ ಉಳಿದಿರುತ್ತದೆ.

ಈಗ ಮೂರು ಜರಡಿ. ಮೊದಲನೆಯದು ಬೈಟಿಗೆ ಬೈಟು ಒಂದೇ ಇರುವವು. ಇದಕ್ಕೆ ಡೂಪ್‌ಗುರು ಅಥವಾ ಚ್ಕಾವ್ಕಾ ಸಾಕು, ಎರಡೂ ನಕಲು ಹುಡುಕುವ ಉಚಿತ ಸಾಫ್ಟ್‌ವೇರುಗಳು. ಡೂಪ್‌ಗುರುವಿನಲ್ಲಿ ಒಂದು ಫೋಲ್ಡರನ್ನು ‘ರೆಫರೆನ್ಸ್’ ಎಂದು ಗುರುತಿಸಬಹುದು. ಹಾಗೆ ಗುರುತಿಸಿದ್ದರಲ್ಲಿ ಒಂದು ಫೈಲನ್ನೂ ಅಳಿಸಲು ಅದು ಬಿಡುವುದಿಲ್ಲ. ಟ್ಯಾಗು (ಹಾಡು, ಗಾಯಕರು, ಆಲ್ಬಂ ಹೆಸರಿನ ಮಾಹಿತಿ) ಚೆನ್ನಾಗಿರುವ 1-ಡಿಡ್ರೈವ್ ಫೋಲ್ಡರನ್ನು ನಾನು ರೆಫರೆನ್ಸ್ ಮಾಡಿದೆ. ಹೋಲಿಕೆ ‘ಕಂಟೆಂಟ್ಸ್’ ಮೇಲಿರಲಿ, ಹೆಸರಿನ ಮೇಲೆ ಬೇಡ. ವಾಟ್ಸಾಪಿನಲ್ಲಿ ಬಂದ ಹಾಡುಗಳು ಇಲ್ಲಿಯೇ ಬಯಲಾಗುತ್ತವೆ. ವಾಟ್ಸಾಪ್ ಹಾಡಿನ ಹೆಸರು ಕಿತ್ತು ತಾರೀಖು, ಕ್ರಮಸಂಖ್ಯೆ ಹಾಕುತ್ತದೆ, ಒಳಗಿನ ಎಂಪಿ3ಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಈ ಜರಡಿಯಲ್ಲಿ ಸಿಕ್ಕಿದ್ದನ್ನು ಕಣ್ಣುಮುಚ್ಚಿ ತೆಗೆಯಬಹುದು. ಮೂರರಲ್ಲಿ ಈ ಮಾತು ಹೇಳಬಹುದಾದ ಜರಡಿ ಇದೊಂದೇ.

ಎರಡನೆಯದು ಧ್ವನಿ ಒಂದೇ, ಟ್ಯಾಗು ಬೇರೆ ಇರುವವು. ಎಂಪಿ3 ಫೈಲಿನ ಟ್ಯಾಗು ಫೈಲಿನ ಒಳಗೇ ಇರುತ್ತದೆ. ಹಳೆಯ ಐಡಿ3 ಒಂದನೇ ಆವೃತ್ತಿ ಕೊನೆಯ 128 ಬೈಟುಗಳಲ್ಲಿ, ಎರಡನೇ ಆವೃತ್ತಿ ಮೊದಲಲ್ಲಿ. ಪ್ಲೇಯರಿನಲ್ಲಿ ನಕ್ಷತ್ರ ಒತ್ತಿ ರೇಟಿಂಗ್ ಕೊಟ್ಟರೂ ಕೆಲವು ಪ್ಲೇಯರುಗಳು ಅದನ್ನು ಫೈಲಿಗೇ ಬರೆಯುತ್ತವೆ. ಅಲ್ಲಿಗೆ ಬೈಟಿನ ಹೋಲಿಕೆ ಮುರಿಯಿತು. ಆಲ್ಬಂ ಚಿತ್ರ ಸೇರಿಸಿದರೆ ಗಾತ್ರವೇ ಅರ್ಧ ಎಂಬಿ ಏರಬಹುದು. ಇದಕ್ಕೆ ಪರಿಹಾರ ಆಜ್ಞೆ ಬರೆದು ಓಡಿಸುವ ಉಚಿತ ಉಪಕರಣ ಎಫ್‌ಎಫ್‌ಎಂಪೆಗ್. ಟ್ಯಾಗನ್ನೂ ಚಿತ್ರವನ್ನೂ ಬಿಟ್ಟು ಧ್ವನಿಯ ಭಾಗಕ್ಕೆ ಮಾತ್ರ ಎಂಡಿ5 (ಒಳಗಿನ ಬೈಟುಗಳಿಂದ ಬರುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿಕೊಡು ಎಂದು ಅದಕ್ಕೆ ಹೇಳಬಹುದು. ಎಲ್ಲ ಫೈಲುಗಳ ಮೇಲೆ ಅದನ್ನು ಓಡಿಸಿ, ಬಂದ ಸಂಖ್ಯೆಯನ್ನೂ ಫೈಲಿನ ದಾರಿಯನ್ನೂ ಎಕ್ಸೆಲ್‌ನಲ್ಲಿ ಎರಡು ಕಂಬದಲ್ಲಿ ಹಾಕಿ, ಸಂಖ್ಯೆಯ ಮೇಲೆ ಸಾರ್ಟ್ ಮಾಡಿದರೆ ಜೋಡಿಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಗುಣಮಟ್ಟ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್ ಫೈಲುಗಳಿಗೆ ಈ ಕಷ್ಟ ಇಲ್ಲ. ಧ್ವನಿಯ ಎಂಡಿ5 ಅದರ ತಲೆಭಾಗದಲ್ಲೇ ಬರೆದಿರುತ್ತದೆ, ಟ್ಯಾಗು ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ಆಜ್ಞೆ ಬರೆಯಲು ಮನಸ್ಸಿಲ್ಲದವರು ಫೂಬಾರ್2000 ಎಂಬ ಪ್ಲೇಯರಿನಲ್ಲಿ ಬೈನರಿ ಕಂಪ್ಯಾರೇಟರ್ ಸೇರಿಸಿಕೊಂಡು ಎರಡು ಹಾಡನ್ನು ಆಯ್ದು ಹೋಲಿಸಬಹುದು. ನಾಲ್ಕಾರು ಜೋಡಿಗೆ ಸಾಕು, ಸಾವಿರಕ್ಕೆ ಆಗದು.

ಇಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಟ್ಯಾಗು ತುಂಬಿರುವುದನ್ನು. ಹೆಸರು ಚೆನ್ನಾಗಿರುವುದನ್ನಲ್ಲ, ಹೆಸರನ್ನು ಆಮೇಲೆ ಟ್ಯಾಗಿನಿಂದಲೇ ಮಾಡಿಕೊಳ್ಳಬಹುದು.

ಮೂರನೆಯ ಜರಡಿಯೇ ನಿಜವಾದ ಕೆಲಸ. ಒಂದೇ ಗಾಯನ, ಬೇರೆ ಬೇರೆ ಗುಣಮಟ್ಟ. 5 ನಿಮಿಷದ ಹಾಡು ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಬಿಟ್‌ರೇಟ್‌ನಲ್ಲಿ 4.8 ಎಂಬಿ, 320ರಲ್ಲಿ 12 ಎಂಬಿ. ಗಾತ್ರ, ಬೈಟು ಯಾವುದೂ ಹೊಂದುವುದಿಲ್ಲ. ಇದಕ್ಕೆ ಧ್ವನಿಮುದ್ರೆ ಬೇಕು. ಕ್ರೋಮಾಪ್ರಿಂಟ್ ಎಂಬ ಉಪಕರಣ ಹಾಡಿನ ಸ್ವರಗಳ ಏರಿಳಿತದಿಂದ ಒಂದು ಗುರುತು ತಯಾರಿಸುತ್ತದೆ, ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಟ್ಯಾಗು ತುಂಬುವ ಸಾಫ್ಟ್‌ವೇರ್ ಬಳಸುವುದೂ ಅದನ್ನೇ. ಪಿಕಾರ್ಡ್ ಆ ಗುರುತನ್ನು ಇಂಟರ್ನೆಟ್ಟಿನ ಸಂಗ್ರಹದಲ್ಲಿ ಹುಡುಕುತ್ತದೆ. ಜನಪ್ರಿಯ ಸಿನಿಮಾ ಹಾಡಿಗೆ ಉತ್ತರ ಸಿಗಬಹುದು, ಊರಿನ ಭಜನೆ ಮಂಡಳಿ ಹಾಡಿದ ತತ್ವಪದಕ್ಕೆ ಸಿಗುವುದಿಲ್ಲ. ಹಾಗೆಂದು ಕೈಬಿಡಬೇಕಿಲ್ಲ. ಚ್ಕಾವ್ಕಾದಲ್ಲಿ ‘ಒಂದೇ ಸಂಗೀತ’ ಹುಡುಕುವ ಭಾಗವಿದೆ. ಅಲ್ಲಿ ಟ್ಯಾಗಿನ ಬದಲು ಧ್ವನಿಯ ಹೋಲಿಕೆ ಆಯ್ದುಕೊಂಡರೆ ನಮ್ಮ ಫೈಲುಗಳನ್ನು ನಮ್ಮವುಗಳ ಜೊತೆಗೇ ಹೋಲಿಸುತ್ತದೆ, ಹೊರಗಿನ ಸಂಗ್ರಹ ಬೇಕಾಗುವುದಿಲ್ಲ.

ಧ್ವನಿಮುದ್ರೆ ಎಡವುವ ಜಾಗಗಳನ್ನು ಮಾತ್ರ ತಿಳಿದಿರಬೇಕು. ಕ್ರೋಮಾಪ್ರಿಂಟಿನ ಉಪಕರಣ ಸಾಮಾನ್ಯವಾಗಿ ಮೊದಲ 120 ಸೆಕೆಂಡು ಮಾತ್ರ ನೋಡುತ್ತದೆ. ಹರಿಕಥೆಯ ಭಾಗ 1, ಭಾಗ 2 ಎರಡಕ್ಕೂ ಅದೇ ಪ್ರಾರ್ಥನಾ ಶ್ಲೋಕವನ್ನು ಅಂಟಿಸಿದ್ದರೆ ಎರಡೂ ಒಂದೇ ಎಂದು ಅದು ಹೇಳಿಬಿಡಬಹುದು. ಅದಕ್ಕಾಗಿ ಅವಧಿಯನ್ನೂ ಜೊತೆಗೇ ನೋಡಿ: ವ್ಯತ್ಯಾಸ 2-3 ಸೆಕೆಂಡಿಗಿಂತ ಹೆಚ್ಚಿದ್ದರೆ ಕಿವಿಗೊಟ್ಟು ಕೇಳದೆ ತೆಗೆಯಬಾರದು. ಬಿಟ್‌ರೇಟ್ ಏರಿಳಿಯುವ ಹಳೆಯ ಎಂಪಿ3ಗಳಲ್ಲಿ ತಲೆಭಾಗದ ಮಾಹಿತಿ ಇಲ್ಲದಿದ್ದರೆ ಪ್ಲೇಯರ್ ತೋರಿಸುವ ಅವಧಿಯೇ ತಪ್ಪಿರುತ್ತದೆ, ಅದೂ ನೆನಪಿರಲಿ.

ಕ್ಯಾಸೆಟ್ಟಿನದು ಇದಕ್ಕೆ ತಿರುಗುಮುರುಗು. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ಒಂದೇ ಕ್ಯಾಸೆಟ್ಟನ್ನು ಎರಡು ಡೆಕ್ಕುಗಳಿಂದ ಇಳಿಸಿದ್ದರೆ, ಅವುಗಳ ವೇಗದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ ಬದಿಯ ಕೊನೆಗೆ 18 ಸೆಕೆಂಡು ಜಾರುತ್ತದೆ, ಶ್ರುತಿಯೂ ಕೊಂಚ ಬದಲಾಗುತ್ತದೆ. ಅಂಥವನ್ನು ಯಂತ್ರ ಬೇರೆ ಬೇರೆ ಎನ್ನಬಹುದು. ನಾನು ಅವೆರಡನ್ನೂ ಉಳಿಸಿದ್ದೇನೆ, ಉಳಿಸಬೇಕು ಕೂಡ. ಒಂದರಲ್ಲಿ ಹೆಡ್ ಸರಿಯಾಗಿ ಕೂತು ತಾಳದ ಕಿಣಿಕಿಣಿ ಸ್ಪಷ್ಟವಾಗಿ ಬಂದಿದ್ದರೆ, ಇನ್ನೊಂದರಲ್ಲಿ ಟೇಪು ಇನ್ನೂ ಸುಕ್ಕುಗಟ್ಟದ ಕಾಲದ ಪೂರ್ತಿ ಚರಣ ಇರುತ್ತದೆ. ಕ್ಯಾಸೆಟ್ಟೇ ಹೋದ ಮೇಲೆ ಇವಕ್ಕೆ ಬದಲಿ ಇಲ್ಲ. ಇಡೀ ಸಂಗ್ರಹದಲ್ಲಿ ಜಾಗ ಉಳಿಸಲು ಹೋಗಬಾರದ ಭಾಗ ಇದೇ.

320 ಎಂದು ತೋರಿಸುವುದೆಲ್ಲ 128ಕ್ಕಿಂತ ಮೇಲು ಎಂದುಕೊಳ್ಳಬೇಡಿ. 128ರ ಫೈಲನ್ನೇ ಯಾರೋ 320ಕ್ಕೆ ಏರಿಸಿರುತ್ತಾರೆ, ಗಾತ್ರ ಬೆಳೆಯುತ್ತದೆ, ಧ್ವನಿ ಇನ್ನಷ್ಟು ಕೆಡುತ್ತದೆ. ಸ್ಪೆಕ್ ಎಂಬ ಸಣ್ಣ ಉಚಿತ ಸಾಫ್ಟ್‌ವೇರಿಗೆ ಫೈಲನ್ನು ಎಳೆದು ಹಾಕಿ. ಚಿತ್ರದಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮೇಲಿನದೆಲ್ಲ ಕಪ್ಪಾಗಿದ್ದರೆ ಅದು ಏರಿಸಿದ್ದು. ನಿಜವಾದ 320ರಲ್ಲಿ ಬಣ್ಣ 20ರ ತನಕ ಹೋಗುತ್ತದೆ. ಈ ಪರೀಕ್ಷೆ ಸಿಡಿಯಿಂದ ಬಂದ ಹಾಡಿಗೆ ಮಾತ್ರ. ಕ್ಯಾಸೆಟ್ಟಿನಲ್ಲಿ ಅಷ್ಟು ಮೇಲಿನ ಧ್ವನಿ ಮೊದಲೇ ಕಡಿಮೆ, ಅಲ್ಲಿ ಸ್ಪೆಕ್ ಚಿತ್ರದಿಂದ ತೀರ್ಪು ಕೊಡಲಾಗದು.

ಬೇರೆ ಗಾಯಕರು ಹಾಡಿದ ಅದೇ ಕೀರ್ತನೆ ನಕಲಲ್ಲ. ಟ್ಯಾಗಿನ ಶೀರ್ಷಿಕೆ ಮಾತ್ರ ನೋಡಿ ಹೋಲಿಸುವ ಸಾಫ್ಟ್‌ವೇರುಗಳು ದಾಸರ ಪದಗಳನ್ನು ಹೀಗೆಯೇ ನುಂಗಿಬಿಡುತ್ತವೆ.

ತೆಗೆಯುವ ಫೈಲುಗಳನ್ನು ಅಳಿಸದೆ, ಅದೇ ಡ್ರೈವಿನಲ್ಲಿ ‘ತೆಗೆಯುವವು’ ಎಂಬ ಫೋಲ್ಡರಿಗೆ ಸರಿಸಿದೆ. ಒಂದೇ ಡ್ರೈವಿನೊಳಗೆ ಸರಿಸುವಾಗ ಫೈಲಿನ ವಿಳಾಸ ಮಾತ್ರ ಬದಲಾಗುತ್ತದೆ, 50 ಜಿಬಿಯಾದರೂ ಕ್ಷಣದ ಕೆಲಸ. ರೀಸೈಕಲ್ ಬಿನ್ ನಂಬಿಕೊಂಡರೆ ಆಗದು: ಅದರ ಮಿತಿಗಿಂತ ದೊಡ್ಡದನ್ನು ವಿಂಡೋಸ್ ನೇರವಾಗಿ ಅಳಿಸುತ್ತದೆ, ಪೆನ್‌ಡ್ರೈವಿನಿಂದ ಅಳಿಸಿದ್ದಂತೂ ಬಿನ್ನಿಗೆ ಬರುವುದೇ ಇಲ್ಲ. ಮನೆಯವರೆಲ್ಲ ಎರಡು ಮೂರು ತಿಂಗಳು ಹೊಸ ಸಂಗ್ರಹದಿಂದಲೇ ಹಾಡು ಕೇಳಿ, ಯಾವುದೂ ಕಾಣೆಯಾಗಿಲ್ಲವೆಂದ ಮೇಲೆ ಆ ಫೋಲ್ಡರ್ ಖಾಲಿ ಮಾಡಿದರೆ ಸಾಕು.

ಉಳಿದವಕ್ಕೆ ಈಗ ಟ್ಯಾಗು, ಆಮೇಲೆ ಹೆಸರು. ಟ್ಯಾಗಿಗೆ ಎಂಪಿ3ಟ್ಯಾಗ್ ಬಳಸಿದೆ. ಸೆಟ್ಟಿಂಗಿನಲ್ಲಿ ಐಡಿ3 2.3, ಯುಟಿಎಫ್-16 ಎಂದು ಆಯ್ದುಕೊಳ್ಳಿ. ಕನ್ನಡವೂ ಉಳಿಯುತ್ತದೆ, ಹಳೆಯ ವಿಂಡೋಸೂ ಓದುತ್ತದೆ. ಐಡಿ3 ಒಂದನೇ ಆವೃತ್ತಿಯ ಟ್ಯಾಗನ್ನು ಕಿತ್ತುಹಾಕಿ, ಶೀರ್ಷಿಕೆಗೆ 30 ಬೈಟಷ್ಟೇ ಇರುವ ಅದರಲ್ಲಿ ಕನ್ನಡ ಕೂರುವುದಿಲ್ಲ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಟ್ಯಾಗುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ. ಅವನ್ನು ಕಸವೆಂದು ಅಳಿಸಬೇಡಿ, ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಗಾಯಕರ ಹೆಸರು ಪೂರ್ತಿ ಹೊರಬರುತ್ತದೆ.

ಕನ್ನಡ ಹೆಸರುಗಳಲ್ಲಿ ಬರುವ ಇನ್ನೊಂದು ತೊಡಕು: ‘ಲೋ’, ‘ಕೀ’ಯಂಥ ಅಕ್ಷರಗಳ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಚಿಹ್ನೆಯಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಬಿಡಿಸಿ ಇಡುತ್ತವೆ. ಕಣ್ಣಿಗೆ ಒಂದೇ ಹೆಸರಿನ ಎರಡು ಫೋಲ್ಡರುಗಳು ಅಕ್ಕಪಕ್ಕ ಕೂತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಎರಡರ ಹೆಸರನ್ನೂ ಅಳಿಸಿ ಮತ್ತೆ ಟೈಪಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಉದ್ದದ ಮಿತಿಯೂ ಇದೆ. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟು, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು, ಅಂದರೆ 85 ಚಿಹ್ನೆ ಮಾತ್ರ. ‘ಶ್ರೀ’ ಒಂದಕ್ಕೇ ನಾಲ್ಕು ಚಿಹ್ನೆ ಹೋಗುತ್ತವೆ. ವಿಂಡೋಸಿನಲ್ಲಿ ಇಡೀ ದಾರಿಗೆ ರೂಢಿಯ ಮಿತಿ 260. ಅದಕ್ಕೇ ನನ್ನ ತೀರ್ಮಾನ: ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ, ಟ್ಯಾಗು ಕನ್ನಡದಲ್ಲಿ ಪೂರ್ತಿಯಾಗಿ.

ಟ್ಯಾಗು ತುಂಬುವಾಗ ರಚನಕಾರರಿಗೆ ‘ಕಂಪೋಸರ್’, ಹಾಡಿದವರಿಗೆ ‘ಆರ್ಟಿಸ್ಟ್’ ಎಂದು ಬೇರೆ ಮಾಡಿದೆ. ತಾತಯ್ಯನವರ ಹೆಸರು ಕಂಪೋಸರಿನಲ್ಲಿ ಒಂದೇ ಕಾಗುಣಿತದಲ್ಲಿದ್ದರೆ, ಯಾರೇ ಹಾಡಿರಲಿ, ಎಲ್ಲ ಪದಗಳೂ ಒಂದೇ ಕಡೆ ಸಿಗುತ್ತವೆ. ಹಲವರು ಹಾಡಿದ ಸಂಕಲನಕ್ಕೆ ‘ಆಲ್ಬಂ ಆರ್ಟಿಸ್ಟ್’ ಜಾಗದಲ್ಲಿ ‘ವಿವಿಧ ಗಾಯಕರು’ ಎಂದು ಹಾಕದಿದ್ದರೆ ಒಂದು ಆಲ್ಬಂ ಹತ್ತು ಚೂರಾಗುತ್ತದೆ. ‘ತತ್ವಪದಗಳು’ ಎಂಬ ಬರೀ ಹೆಸರಿನ ಆಲ್ಬಂ ಮೂರು ಇದ್ದರೆ ಗಾಯಕರ ಹೆಸರನ್ನೋ ವರ್ಷವನ್ನೋ ಜೊತೆಗೆ ಸೇರಿಸಿ, ಇಲ್ಲದಿದ್ದರೆ ಪ್ಲೇಯರ್ ಮೂರನ್ನೂ ಕಲಸಿಬಿಡುತ್ತದೆ.

ನಾಲ್ಕು ಫೋಲ್ಡರುಗಳ ಕೊನೆಯ ಕೂಡಿಕೆಗೂ ರೋಬೋಕಾಪಿಯೇ. ಎಕ್ಸ್‌ಸಿ, ಎಕ್ಸ್‌ಎನ್, ಎಕ್ಸ್‌ಓ (/XC /XN /XO) ಸ್ವಿಚ್ಚು ಮೂರನ್ನೂ ಒಟ್ಟಿಗೆ ಹಾಕಿದರೆ ಗುರಿಯಲ್ಲಿ ಅದೇ ಹೆಸರಿನ ಫೈಲು ಇದ್ದರೆ ಮುಟ್ಟುವುದಿಲ್ಲ. ಹಾಗೆ ಹಿಂದೆ ಉಳಿದವನ್ನು ಕೈಯಾರೆ ನೋಡಿ ಸೇರಿಸಬೇಕು. ಹಳೆಯ ಎಂ3ಯು ಪ್ಲೇಲಿಸ್ಟುಗಳು ಈಗ ಮುರಿದಿರುತ್ತವೆ, ಆದರೆ ಅವು ಬರೀ ಪಠ್ಯದ ಫೈಲುಗಳು. ಫೋಲ್ಡರಿನ ದಾರಿ ಮಾತ್ರ ಬದಲಾಗಿದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ಹಳೆಯ ದಾರಿಯ ಜಾಗಕ್ಕೆ ಹೊಸದನ್ನು ‘ರೀಪ್ಲೇಸ್ ಆಲ್’ ಮಾಡಿದರೆ ಜೀವ ಬರುತ್ತದೆ. ಫೈಲಿನ ಹೆಸರೂ ಬದಲಾದವನ್ನು ಒಂದೊಂದಾಗಿ ಸರಿಪಡಿಸಬೇಕು. ಕನ್ನಡ ಹೆಸರುಗಳಿದ್ದರೆ ಯುಟಿಎಫ್-8 ಆಗಿ, ಎಂ3ಯು8 ಎಂದು ಉಳಿಸಿ.

ಭಜನೆ ಮಂಡಳಿಯ ಆಂಪ್ಲಿಫೈಯರಿಗೆ ಪೆನ್‌ಡ್ರೈವ್ ಮಾಡಿಕೊಡುವವರಿಗೆ ಒಂದು ಮಾತು. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದು, ಫ್ಯಾಟ್32 ಫಾರ್ಮ್ಯಾಟ್. ಅಂಥ ಪೆಟ್ಟಿಗೆಗಳಲ್ಲಿ ಹಲವು ಹೆಸರಿನ ಕ್ರಮದಲ್ಲಿ ಹಾಡುವುದಿಲ್ಲ, ಫೈಲುಗಳು ಪೆನ್‌ಡ್ರೈವಿಗೆ ಬರೆಯಲ್ಪಟ್ಟ ಕ್ರಮದಲ್ಲಿ ಹಾಡುತ್ತವೆ. ಹೆಸರಿನ ಮುಂದೆ 01, 02 ಎಂದು ಹಾಕಿ, ಡ್ರೈವನ್ನು ಖಾಲಿ ಮಾಡಿ, ಅದೇ ಕ್ರಮದಲ್ಲಿ ಬರೆದರೆ ಗಣಪತಿ ಸ್ತುತಿ ಮೊದಲೂ ಮಂಗಳ ಕೊನೆಗೂ ಬರುತ್ತದೆ.